ಎಲ್ಲ ಕಡೆ ಒಂದೇ ಅಳತೆ ಬಂದರೆ ದುಂಡಗಿದೆ ಎಂದೇ ಅರ್ಥವೇ? ಫ್ರಾನ್ಸ್ ರೂಲೋ ಮತ್ತು ಸೆಂಟರ್‌ಲೆಸ್ ಗ್ರೈಂಡಿಂಗ್

ಒಂದು ಉಕ್ಕಿನ ಸರಳು ದುಂಡಗಿದೆಯೇ ಎಂದು ತಿಳಿಯಲು ಏನು ಮಾಡುತ್ತೀರಿ? ಮೈಕ್ರೋಮೀಟರ್‌ನಲ್ಲಿ ಹಿಡಿದು ವ್ಯಾಸ ಅಳೆಯುತ್ತೀರಿ. ಸರಳನ್ನು ಸ್ವಲ್ಪ ತಿರುಗಿಸಿ ಮತ್ತೆ ಅಳೆಯುತ್ತೀರಿ. ಹೇಗೆ ತಿರುಗಿಸಿದರೂ 20.00 ಮಿ.ಮೀ. ಎಂದೇ ಬಂದರೆ ದುಂಡಗಿದೆ ಎಂದು ಪಕ್ಕಕ್ಕೆ ಇಡುತ್ತೀರಿ. ಇದು ಎಷ್ಟು ಸಹಜವಾಗಿದೆ ಎಂದರೆ, ಇದರಲ್ಲಿ ಪ್ರಶ್ನೆ ಮಾಡುವುದಕ್ಕೆ ಏನಿದೆ ಎಂದೇ ಅನಿಸುತ್ತದೆ.

ಆದರೆ ಈ ತೀರ್ಮಾನ ತಪ್ಪು. ಎಲ್ಲ ದಿಕ್ಕಿನಲ್ಲೂ ಒಂದೇ ಅಗಲ ಇದ್ದೂ ವೃತ್ತವಲ್ಲದ ಆಕೃತಿಗಳು ಬೇಕಾದಷ್ಟಿವೆ. ಅವುಗಳಲ್ಲಿ ತೀರಾ ಸರಳವಾದದ್ದಕ್ಕೆ ರೂಲೋ ತ್ರಿಭುಜ ಎಂದು ಹೆಸರು. ಮ್ಯಾನ್‌ಹೋಲ್ ಮುಚ್ಚಳ ದುಂಡಗಿರುವುದು ಏಕೆ ಎಂದು ಸಂದರ್ಶನಗಳಲ್ಲಿ ಕೇಳುವುದುಂಟು. ವೃತ್ತವೊಂದೇ ತನ್ನ ರಂಧ್ರದೊಳಗೆ ಬೀಳದ ಆಕೃತಿ ಎಂಬ ಉತ್ತರ ಬಹಳ ಜನಪ್ರಿಯ. ಅದೂ ಅರ್ಧ ಸತ್ಯವೇ, ಏಕೆಂದರೆ ರೂಲೋ ತ್ರಿಭುಜದ ಮುಚ್ಚಳವೂ ಒಳಗೆ ಬೀಳುವುದಿಲ್ಲ. ಮುಚ್ಚಳದ ವಿಷಯದಲ್ಲಿ ಇದು ಬರೀ ಒಗಟು. ಯಂತ್ರಗಳಿಗೆ ಪಿನ್ನು, ರೋಲರ್, ಶಾಫ್ಟ್ ತಯಾರಿಸುವ ಕಾರ್ಖಾನೆಯಲ್ಲಿ ಮಾತ್ರ ಇದು ದುಬಾರಿ ತಲೆನೋವು. ಅದರಲ್ಲೂ ಸೆಂಟರ್‌ಲೆಸ್ ಗ್ರೈಂಡಿಂಗ್ ಯಂತ್ರಕ್ಕೆ ಇಂಥ ಮೋಸದ ದುಂಡು ತಯಾರಿಸುವ ಚಾಳಿ ಹುಟ್ಟಿನಿಂದಲೇ ಇದೆ. ಆ ಚಾಳಿ ಅರ್ಥವಾಗಬೇಕಾದರೆ ಫ್ರಾನ್ಸ್ ರೂಲೋ ಎಂಬ ಜರ್ಮನ್ ಎಂಜಿನಿಯರ್ ಯಂತ್ರಗಳನ್ನು ಹೇಗೆ ನೋಡುತ್ತಿದ್ದರು ಎಂದು ತಿಳಿಯುವುದು ಒಳ್ಳೆಯ ದಾರಿ ಎಂದು ನಮಗೆ ಅನಿಸಿದೆ.

ರೂಲೋ ಹುಟ್ಟಿದ್ದು 1829ರ ಸೆಪ್ಟೆಂಬರ್ 30ರಂದು, ಆಖನ್ ನಗರದ ಹತ್ತಿರದ ಎಶ್‌ವೈಲರ್‌ನಲ್ಲಿ. ಯಂತ್ರ ತಯಾರಿಸುವ ಮನೆತನ. ಆ ಪ್ರದೇಶದಲ್ಲಿ ಕಲ್ಲಿದ್ದಲು, ಕಬ್ಬಿಣ, ಉಗಿಯಂತ್ರಗಳ ಕಾಲ ಆಗಷ್ಟೇ ಏರುತ್ತಿತ್ತು. ಕಾರ್ಖಾನೆಯ ಕೆಲಸ ಕಲಿತ ಮೇಲೆ 1850ರಿಂದ 1852ರವರೆಗೆ ಕಾರ್ಲ್ಸ್‌ರೂಹೆಯ ಪಾಲಿಟೆಕ್ನಿಕ್‌ನಲ್ಲಿ ಫರ್ಡಿನಾಂಡ್ ರೆಡ್ಟೆನ್‌ಬಾಕರ್ ಅವರ ಬಳಿ ಓದಿದರು. ಯಂತ್ರ ಕಟ್ಟುವುದು ಕೈಚಳಕ ಮಾತ್ರವಲ್ಲ, ಅದಕ್ಕೆ ಲೆಕ್ಕಾಚಾರ ಮತ್ತು ತತ್ವಗಳಿವೆ ಎಂದು ಜರ್ಮನಿಯಲ್ಲಿ ಪಾಠ ಹೇಳಿದ ಮೊದಲಿಗರಲ್ಲಿ ರೆಡ್ಟೆನ್‌ಬಾಕರ್ ಒಬ್ಬರು. ನಂತರ ಬರ್ಲಿನ್ ಮತ್ತು ಬಾನ್‌ನಲ್ಲೂ ಓದಿ, 1856ರಲ್ಲಿ, ಇನ್ನೂ ಇಪ್ಪತ್ತಾರರ ವಯಸ್ಸಿನಲ್ಲೇ, ಜೂರಿಕ್‌ನಲ್ಲಿ ಹೊಸದಾಗಿ ತೆರೆದಿದ್ದ ಪಾಲಿಟೆಕ್ನಿಕ್‌ನಲ್ಲಿ ಪ್ರಾಧ್ಯಾಪಕರಾದರು. ಅಲ್ಲಿದ್ದಾಗ, 1861ರಲ್ಲಿ, ಅವರು ಪ್ರಕಟಿಸಿದ ವಿನ್ಯಾಸದ ಕೈಪಿಡಿ ಹಲವು ಭಾಷೆಗಳಿಗೆ ಹೋಗಿ ಯಂತ್ರ ವಿನ್ಯಾಸಕರ ಮೇಜಿನ ಮೇಲೆ ದಶಕಗಳ ಕಾಲ ಉಳಿಯಿತು. 1864ರಲ್ಲಿ ಬರ್ಲಿನ್‌ಗೆ ಬಂದರು. ಮುಂದಿನ ಬದುಕೆಲ್ಲ ಬಹುತೇಕ ಅಲ್ಲೇ ಕಳೆಯಿತು.

ಅವರ ದೊಡ್ಡ ಕೆಲಸ 1875ರಲ್ಲಿ ಹೊರಬಂದ ಯಂತ್ರಚಲನೆಯ ಸಿದ್ಧಾಂತದ ಗ್ರಂಥ. ಮರುವರ್ಷವೇ ಅಲೆಕ್ಸಾಂಡರ್ ಕೆನಡಿ ಅದನ್ನು ಇಂಗ್ಲಿಷಿಗೆ ತಂದರು. ಅದರ ತಿರುಳನ್ನು ಸರಳವಾಗಿ ಹೇಳುವುದಾದರೆ ಹೀಗೆ. ಯಂತ್ರವನ್ನು ಗಾಲಿ, ಸನ್ನೆ, ತಿರುಪು ಎಂದು ಬಿಡಿಭಾಗಗಳಾಗಿ ನೋಡಿದರೆ ಅದು ಅರ್ಥವಾಗುವುದಿಲ್ಲ. ಒಂದು ಭಾಗ ಇನ್ನೊಂದನ್ನು ಎಲ್ಲಿ ಮುಟ್ಟುತ್ತದೆ, ಹಾಗೆ ಮುಟ್ಟಿದ್ದರಿಂದ ಯಾವ ಚಲನೆ ಸಾಧ್ಯವಾಗುತ್ತದೆ, ಯಾವುದಕ್ಕೆ ತಡೆ ಬೀಳುತ್ತದೆ ಎಂದು ನೋಡಬೇಕು. ಶಾಫ್ಟ್ ಮತ್ತು ಬೇರಿಂಗ್ ಒಂದು ಜೋಡಿ. ಬೋಲ್ಟ್ ಮತ್ತು ನಟ್ ಇನ್ನೊಂದು ಜೋಡಿ. ಇಂಥ ಜೋಡಿಗಳನ್ನು ಸರಪಳಿಯಂತೆ ಕೂಡಿಸಿ ಒಂದು ಕೊಂಡಿಯನ್ನು ಅಲುಗದಂತೆ ಹಿಡಿದರೆ ಅದೇ ಯಂತ್ರ. ಹೊಲಿಗೆ ಯಂತ್ರವನ್ನೂ ಉಗಿ ಎಂಜಿನ್ನನ್ನೂ ಹೀಗೆ ಒಂದೇ ಭಾಷೆಯಲ್ಲಿ ಬರೆಯಬಹುದು ಎಂದು ಅವರು ತೋರಿಸಿದರು.

ಅದೇ ಗ್ರಂಥದಲ್ಲಿ ಅವರು ಯಂತ್ರಗಳ ಚರಿತ್ರೆಯನ್ನು ಬೆಂಕಿ ಕಡೆಯುವ ಕೋಲಿನ ತನಕ ಹಿಂದಕ್ಕೆ ಒಯ್ಯುತ್ತಾರೆ. ನಾವು ಅರಣಿ ಎನ್ನುವುದು ಇದೇ ಬಗೆಯ ಸಾಧನ. ಎರಡು ಅಂಗೈಗಳ ನಡುವೆ ಕೋಲನ್ನು ಹೊಸೆದಾಗ ಅದು ತಿರುಗುತ್ತದೆ. ಅದಕ್ಕೆ ನಡುವೆ ಅಚ್ಚು ಕೊರೆದಿಲ್ಲ, ತುದಿಯನ್ನು ಯಾರೂ ಕಚ್ಚಿ ಹಿಡಿದಿಲ್ಲ. ಹೊರಮೈಯನ್ನು ಮುಟ್ಟಿಯೇ ತಿರುಗಿಸುತ್ತಿದ್ದೇವೆ. ಈ ಚಿತ್ರವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಒಂದು ವಸ್ತುವನ್ನು ಅಲುಗದಂತೆ ಹಿಡಿಯಲು ಎಷ್ಟು ಕಡೆ ಮುಟ್ಟಬೇಕು ಎಂಬ ಪ್ರಶ್ನೆಯನ್ನು ರೂಲೋ ಗಂಭೀರವಾಗಿ ಕೈಗೆತ್ತಿಕೊಂಡರು. ಸಮತಟ್ಟಾದ ಮೇಜಿನ ಮೇಲಿರುವ ಒಂದು ರಟ್ಟಿನ ತುಂಡು ಯಾವ ಕಡೆಗೂ ಸರಿಯಬಾರದು, ತಿರುಗಲೂ ಬಾರದು ಎಂದಾದರೆ ಕನಿಷ್ಠ ನಾಲ್ಕು ಕಡೆ ತಡೆ ಬೇಕು. ರಟ್ಟು ಪೂರ್ಣ ವೃತ್ತವಾಗಿದ್ದರೆ ಎಷ್ಟು ಕಡೆ ತಡೆ ಇಟ್ಟರೂ ಅದು ನಿಂತಲ್ಲೇ ತಿರುಗುತ್ತದೆ. ಹಾಗಾದರೆ ನಿಂತಲ್ಲೇ ಬಿಗಿಯಾಗಿ ತಿರುಗುವುದೆಲ್ಲ ವೃತ್ತವೇ? ಇಲ್ಲ. ಚೌಕದ ಕಿಂಡಿಯೊಂದರಲ್ಲಿ ನಾಲ್ಕು ಗೋಡೆಗಳನ್ನೂ ಸದಾ ಮುಟ್ಟಿಕೊಂಡೇ ತಿರುಗಬಲ್ಲ, ಆದರೆ ವೃತ್ತವಲ್ಲದ ಆಕೃತಿಗಳಿವೆ. ಇಂಥ ಸ್ಥಿರ ಅಗಲದ ಆಕೃತಿಗಳನ್ನು ಗಣಿತಜ್ಞ ಆಯ್ಲರ್ ಅವರಿಗಿಂತ ಸುಮಾರು ನೂರು ವರ್ಷ ಮೊದಲೇ ಪರಿಶೀಲಿಸಿದ್ದರು. ಆದರೆ ಅವು ಹೇಗೆ ಚಲಿಸುತ್ತವೆ, ಯಂತ್ರದಲ್ಲಿ ಏನು ಮಾಡುತ್ತವೆ ಎಂದು ವಿವರವಾಗಿ ನೋಡಿದವರು ರೂಲೋ. ಆದ್ದರಿಂದಲೇ ತ್ರಿಭುಜಕ್ಕೆ ಅವರ ಹೆಸರು ಅಂಟಿಕೊಂಡಿತು.

ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ರಟ್ಟಿನ ಮೇಲೆ 6 ಸೆಂ.ಮೀ. ಬಾಹುವಿನ ಸಮಬಾಹು ತ್ರಿಭುಜ ಬರೆಯಿರಿ. ಕೈವಾರದ ಮೊನೆಯನ್ನು ಒಂದು ಮೂಲೆಯಲ್ಲಿಟ್ಟು ಉಳಿದೆರಡು ಮೂಲೆಗಳ ನಡುವೆ ಕಂಸ ಎಳೆಯಿರಿ. ಮೂರೂ ಮೂಲೆಗಳಿಂದ ಹೀಗೆ ಎಳೆದು ಕತ್ತರಿಸಿದರೆ ಉಬ್ಬಿದ ತ್ರಿಭುಜ ಸಿಗುತ್ತದೆ. ಎರಡು ಸ್ಕೇಲುಗಳ ನಡುವೆ ಇಟ್ಟು ಉರುಳಿಸಿ. ಸ್ಕೇಲುಗಳ ಅಂತರ 6 ಸೆಂ.ಮೀ.ನಿಂದ ಕದಲುವುದಿಲ್ಲ. ಇದನ್ನೇ 20 ಮಿ.ಮೀ. ಅಗಲದ ಉಕ್ಕಿನ ಪಿನ್ನಾಗಿ ಮಾಡಿದರೆ ಮೈಕ್ರೋಮೀಟರ್ ಎಲ್ಲ ಕಡೆಯೂ 20.00 ಎಂದೇ ತೋರಿಸುತ್ತದೆ. ಆದರೆ ನಡುಬಿಂದುವಿನಿಂದ ಮೂಲೆಗೆ 11.5 ಮಿ.ಮೀ.ಗೂ ಹೆಚ್ಚು ದೂರ, ಉಬ್ಬಿದ ಬದಿಗೆ 8.5 ಮಿ.ಮೀ.ಗೂ ಕಡಿಮೆ. 20 ಮಿ.ಮೀ. ರಂಧ್ರದೊಳಗೆ ಅದು ಹೋಗುವುದೇ ಇಲ್ಲ. ಅದಕ್ಕೆ ಸುಮಾರು 23.1 ಮಿ.ಮೀ. ರಂಧ್ರ ಬೇಕು. ಕಾರ್ಖಾನೆಯಲ್ಲಿ ಬರುವ ಉಬ್ಬುಗಳು ಇಷ್ಟು ದೊಡ್ಡವಲ್ಲ, ಕೆಲವೇ ಮೈಕ್ರಾನ್‌ಗಳಷ್ಟು. ಆದರೆ ಬೇರಿಂಗ್ ರೋಲರ್‌ಗೆ ಅಷ್ಟೇ ಸಾಕು, ಸದ್ದು ಮಾಡುತ್ತಾ ಬೇಗ ಸವೆಯಲು.

ಈಗ ಯಂತ್ರಕ್ಕೆ ಬರೋಣ. ಇಂದಿನ ರೂಪದ ಸೆಂಟರ್‌ಲೆಸ್ ಗ್ರೈಂಡರ್ ಅಮೆರಿಕದ ಲೂಯಿಸ್ ಹೈಮ್ ಅವರ ಕೈಯಲ್ಲಿ ರೂಪುಗೊಂಡದ್ದು 1910ರ ದಶಕದಲ್ಲಿ, ರೂಲೋ ತೀರಿಕೊಂಡ ಮೇಲೆ. ಸಾಮಾನ್ಯ ಗ್ರೈಂಡಿಂಗ್‌ನಲ್ಲಿ ಸರಳಿನ ಎರಡೂ ತುದಿಗಳಲ್ಲಿ ಚಿಕ್ಕ ಕುಳಿ ಕೊರೆದು, ಮೊನೆಗಳ ನಡುವೆ ಸಿಕ್ಕಿಸಿ ತಿರುಗಿಸುತ್ತಾರೆ. ತಿರುಗುವ ಕೇಂದ್ರ ಮೊದಲೇ ನಿಗದಿ. ಸೆಂಟರ್‌ಲೆಸ್‌ನಲ್ಲಿ ಆ ಕೇಂದ್ರವೇ ಇಲ್ಲ. ಒಂದು ಕಡೆ ದೊಡ್ಡ ಗ್ರೈಂಡಿಂಗ್ ವೀಲ್, ಎದುರಿಗೆ ರಬ್ಬರ್ ಬೆರೆತ ರೆಗ್ಯುಲೇಟಿಂಗ್ ವೀಲ್, ಇವೆರಡರ ನಡುವೆ ಕೆಳಗಿನಿಂದ ಜಾಬ್ ಅನ್ನು ಹೊರುವ ಬ್ಲೇಡ್. ಮೂರು ಕಡೆ ಮುಟ್ಟುವಿಕೆ, ಅಷ್ಟೆ. ಅಂಗೈ ನಡುವಿನ ಕೋಲಿನ ಹಾಗೆ. ಜಾಬ್ ಹಾಕುವುದು, ತೆಗೆಯುವುದು ಕ್ಷಣದ ಕೆಲಸವಾದ್ದರಿಂದ ಸಾವಿರಗಟ್ಟಲೆ ಪಿನ್ನುಗಳನ್ನು ಒಂದರ ಹಿಂದೆ ಒಂದರಂತೆ ಸಾಗಿಸಬಹುದು. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಚಿಕ್ಕ ಶೆಡ್‌ಗಳಲ್ಲೂ ಈ ಯಂತ್ರ ಕಾಣಸಿಗುವುದು ಇದೇ ಕಾರಣಕ್ಕೆ.

ಗ್ರೈಂಡಿಂಗ್ ವೀಲ್‌ನ ಅಂಚು ಸೆಕೆಂಡಿಗೆ ಸುಮಾರು 30 ಮೀಟರ್ ವೇಗದಲ್ಲಿ ಓಡುತ್ತದೆ. ತಡೆಯುವವರಿಲ್ಲದಿದ್ದರೆ ಜಾಬ್ ಕೂಡ ಅದರ ಜೊತೆಗೇ ಹುಚ್ಚು ವೇಗದಲ್ಲಿ ತಿರುಗಲು ಹೊರಡುತ್ತದೆ. ಅದನ್ನು ತಡೆದು ತನ್ನ ವೇಗಕ್ಕೆ ಇಳಿಸುವುದೇ ರೆಗ್ಯುಲೇಟಿಂಗ್ ವೀಲ್. ಅದು ತಿರುಗಿಸುವ ಚಕ್ರ ಎನ್ನುವುದಕ್ಕಿಂತ ಬ್ರೇಕ್ ಎಂದರೆ ಹೆಚ್ಚು ಸರಿ. ಒಂದು ಲೆಕ್ಕ ನೋಡಿ. ಅದರ ವ್ಯಾಸ 300 ಮಿ.ಮೀ. ಇದ್ದು ನಿಮಿಷಕ್ಕೆ 30 ಸುತ್ತು ತಿರುಗಿದರೆ ಅಂಚಿನ ವೇಗ ನಿಮಿಷಕ್ಕೆ ಸುಮಾರು 28 ಮೀಟರ್, ಅಂದರೆ ಗ್ರೈಂಡಿಂಗ್ ವೀಲ್‌ಗಿಂತ ಅರವತ್ತು ಪಟ್ಟಿಗೂ ನಿಧಾನ. 20 ಮಿ.ಮೀ. ಜಾಬ್ ಆಗ ನಿಮಿಷಕ್ಕೆ 450 ಸುತ್ತು ತಿರುಗುತ್ತದೆ. ಈ ವೀಲನ್ನು 3 ಡಿಗ್ರಿ ಓರೆ ಮಾಡಿದರೆ ಜಾಬ್ ತಿರುಗುವುದರ ಜೊತೆಗೆ ಮುಂದಕ್ಕೂ ಸಾಗುತ್ತದೆ, ನಿಮಿಷಕ್ಕೆ ಸುಮಾರು ಒಂದೂವರೆ ಮೀಟರ್. ಓರೆ ಹೆಚ್ಚಿಸಿದರೆ ಬೇಗ ಸಾಗುತ್ತದೆ, ಕಡಿಮೆ ಮಾಡಿದರೆ ನಿಧಾನ. ಓರೆಯಾಗಿ ನಿಂತ ಚಕ್ರ ಉದ್ದಕ್ಕೂ ಜಾಬ್ ಅನ್ನು ಮುಟ್ಟಬೇಕಾದರೆ ಅದರ ಮೈ ನೆಟ್ಟಗಿದ್ದರೆ ಆಗದು, ನಡು ತುಸು ಸಣ್ಣಗಾಗಿ ಡಮರುಗದ ಛಾಯೆ ಇರಬೇಕು. ವಜ್ರದ ತುದಿಯಿಂದ ಡ್ರೆಸ್ಸಿಂಗ್ ಮಾಡುವಾಗ ಆ ಆಕಾರವನ್ನು ಕೊಡುತ್ತಾರೆ.

ಇನ್ನು ಮೋಸದ ದುಂಡು. ಜಾಬ್‌ನ ಕೇಂದ್ರವನ್ನು ಎರಡು ಚಕ್ರಗಳ ಕೇಂದ್ರರೇಖೆಗೆ ಸಮನಾಗಿ ಇಟ್ಟಿದ್ದೇವೆ ಎಂದುಕೊಳ್ಳಿ. ಜಾಬ್‌ನ ಮೇಲೆ ಒಂದು ಚಿಕ್ಕ ಉಬ್ಬು ಇದೆ. ಅದು ರೆಗ್ಯುಲೇಟಿಂಗ್ ವೀಲಿಗೆ ತಗುಲಿದಾಗ ಇಡೀ ಜಾಬ್ ಅಷ್ಟೇ ಪ್ರಮಾಣದಲ್ಲಿ ಗ್ರೈಂಡಿಂಗ್ ವೀಲಿನ ಕಡೆಗೆ ತಳ್ಳಲ್ಪಡುತ್ತದೆ. ಅಲ್ಲಿ, ಉಬ್ಬಿನ ಸರಿಯಾಗಿ ಎದುರು ಬದಿಯಲ್ಲಿ, ಅಷ್ಟೇ ಆಳದ ತಗ್ಗು ಬೀಳುತ್ತದೆ. ಉಬ್ಬಿನ ಎದುರು ತಗ್ಗು, ತಗ್ಗಿನ ಎದುರು ಉಬ್ಬು. ವ್ಯಾಸ ಮಾತ್ರ ಎಲ್ಲೆಲ್ಲೂ ಸಮ. ಕೊನೆಗೆ ಹೊರಬರುವುದು ಮೂರು, ಐದು, ಏಳು ಎಂದು ಬೆಸ ಸಂಖ್ಯೆಯ ಉಬ್ಬುಗಳ ಆಕೃತಿ. ರೂಲೋ ಕಾಗದದ ಮೇಲೆ ಬರೆದು ತೋರಿಸಿದ್ದನ್ನೇ ಯಂತ್ರ ಉಕ್ಕಿನಲ್ಲಿ ಕೆತ್ತಿ ಕೊಡುತ್ತದೆ. ಮೈಕ್ರೋಮೀಟರ್ ಅದಕ್ಕೆ ಪಾಸ್ ಹಾಕುತ್ತದೆ.

ಪರಿಹಾರ ಬ್ಲೇಡಿನ ಎತ್ತರದಲ್ಲಿದೆ. ಜಾಬ್ ಅನ್ನು ಕೇಂದ್ರರೇಖೆಗಿಂತ ಮೇಲೆತ್ತಿದರೆ ಎರಡು ಚಕ್ರಗಳು ಮುಟ್ಟುವ ಜಾಗಗಳು ಪರಸ್ಪರ ಎದುರುಬದುರು ಇರುವುದಿಲ್ಲ. ಉಬ್ಬೊಂದು ತಗುಲಿದಾಗ ಬೀಳುವ ತಗ್ಗು ನೇರ ಎದುರಿಗೆ ಬೀಳದೆ ಪಕ್ಕಕ್ಕೆ ಸರಿಯುತ್ತದೆ, ತಳ್ಳುವಿಕೆಯೂ ಪೂರ್ತಿ ದಾಟುವುದಿಲ್ಲ. ಸುತ್ತಿನಿಂದ ಸುತ್ತಿಗೆ ತಪ್ಪು ಕರಗುತ್ತಾ ಹೋಗುತ್ತದೆ. ಚಿಕ್ಕ ಜಾಬ್‌ಗಳಿಗೆ ವ್ಯಾಸದ ಅರ್ಧದಷ್ಟು ಎತ್ತಿ ಆರಂಭಿಸುವುದು ರೂಢಿ. 20 ಮಿ.ಮೀ. ಪಿನ್ನಿಗೆ 10 ಮಿ.ಮೀ. ಬ್ಲೇಡಿನ ಮೇಲಂಚನ್ನು ಸಾಮಾನ್ಯವಾಗಿ 30 ಡಿಗ್ರಿ ಇಳಿಜಾರು ಮಾಡಿ ರೆಗ್ಯುಲೇಟಿಂಗ್ ವೀಲಿನ ಕಡೆಗೆ ಇಳಿಸಿರುತ್ತಾರೆ, ಜಾಬ್ ಅದಕ್ಕೆ ಒರಗಿಕೊಳ್ಳಲಿ ಎಂದು. ಹಾಗಂತ ಎತ್ತಿದಷ್ಟೂ ಒಳ್ಳೆಯದು ಎಂದಲ್ಲ. ಅತಿಯಾದರೆ ಜಾಬ್ ಕುಣಿಯತೊಡಗುತ್ತದೆ, ಮೈಮೇಲೆ ಕಂಪನದ ಗೆರೆಗಳು ಮೂಡುತ್ತವೆ, ಎಗರಿ ಹೊರಬೀಳುವ ಅಪಾಯವೂ ಇದೆ. ಎರಡರ ನಡುವಿನ ಹದವನ್ನು ಕಂಡುಕೊಳ್ಳುವುದೇ ಸೆಟ್ಟಿಂಗ್ ಕೆಲಸದ ಬಹುಪಾಲು.

ಹೊಸಬರು ಎಡವುವ ಇನ್ನೊಂದು ಲೆಕ್ಕವಿದೆ. ಮೊನೆಗಳ ನಡುವೆ ಉಜ್ಜುವಾಗ ಚಕ್ರವನ್ನು 0.01 ಮಿ.ಮೀ. ಮುಂದೆ ತಂದರೆ ವ್ಯಾಸ 0.02 ಕಡಿಮೆಯಾಗುತ್ತದೆ. ಸೆಂಟರ್‌ಲೆಸ್‌ನಲ್ಲಿ ಚಕ್ರಗಳ ನಡುವಿನ ಅಂತರವೇ ವ್ಯಾಸವಾದ್ದರಿಂದ 0.01 ತಂದರೆ 0.01 ಮಾತ್ರ. ಹಾಗೆಯೇ ಜಾಬ್ ಒಳಹೋಗುವ ಮತ್ತು ಹೊರಬರುವ ಕಡೆಯ ಗೈಡ್ ಪಟ್ಟಿಗಳು ನೇರವಿಲ್ಲದಿದ್ದರೆ ತುದಿ ಸಣ್ಣ ಅಥವಾ ನಡು ಸಣ್ಣ ಆಗುತ್ತದೆ. ಇವನ್ನೆಲ್ಲ ಮೈಕ್ರೋಮೀಟರ್ ಹಿಡಿದುಕೊಡುತ್ತದೆ. ಉಬ್ಬುಗಳನ್ನು ಹಿಡಿಯಲು ವೀ ಬ್ಲಾಕ್ ಮತ್ತು ಡಯಲ್ ಗೇಜ್ ಬೇಕು. 90 ಡಿಗ್ರಿಯ ವೀಯಲ್ಲಿ ಪಿನ್ನನ್ನು ಕೂರಿಸಿ ನಿಧಾನವಾಗಿ ತಿರುಗಿಸಿದರೆ ಮೂರು ಅಥವಾ ಐದು ಉಬ್ಬುಗಳಿದ್ದಾಗ ಡಯಲ್ ಮುಳ್ಳು ನಿಜವಾದ ತಪ್ಪಿನ ಎರಡರಷ್ಟು ಓಲಾಡುತ್ತದೆ. ಆದರೆ ಏಳು ಉಬ್ಬುಗಳನ್ನು ಅದೇ ವೀ ತೋರಿಸುವುದೇ ಇಲ್ಲ. 60 ಡಿಗ್ರಿಯದಕ್ಕೆ ಮೂರು ಚೆನ್ನಾಗಿ ಕಾಣುತ್ತದೆ, ಐದು ಕಾಣುವುದಿಲ್ಲ. ಒಂದೇ ವೀ ಬ್ಲಾಕನ್ನು ನಂಬಿ ಕೂರುವುದೂ ಒಂದು ಬಗೆಯ ಮೂಢನಂಬಿಕೆಯೇ.

1986ರಲ್ಲಿ ಚಾಲೆಂಜರ್ ನೌಕೆಯ ದುರಂತದ ತನಿಖೆಯಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಎತ್ತಿದ ಪ್ರಶ್ನೆಗಳಲ್ಲಿ ಇದೂ ಒಂದು. ರಾಕೆಟ್ಟಿನ ತುಂಡುಗಳ ವ್ಯಾಸವನ್ನು ಕೆಲವು ಕಡೆ ಅಳೆದು ಸಮ ಬಂದರೆ ದುಂಡಗಿದೆ ಎಂದುಕೊಳ್ಳುವಂತಿಲ್ಲ ಎಂದು ಅವರು ತೋರಿಸಿಕೊಟ್ಟರು. ದುರಂತಕ್ಕೆ ಕಾರಣವಾದದ್ದು ಚಳಿಗೆ ಸೆಟೆದ ರಬ್ಬರ್ ಉಂಗುರ, ಈ ಅಳತೆಯಲ್ಲ. ಆದರೂ ರೂಲೋ ಗ್ರಂಥ ಬಂದು ನೂರು ವರ್ಷ ದಾಟಿದ ಮೇಲೂ ಅಷ್ಟು ದೊಡ್ಡ ಸಂಸ್ಥೆಯಲ್ಲಿ ಅದೇ ತಪ್ಪು ತಿಳಿವಳಿಕೆ ಇತ್ತು ಎನ್ನುವುದು ಗಮನಿಸಬೇಕಾದ ಸಂಗತಿ.

ಅಳತೆ ಸರಿ, ವಸ್ತು ಸರಿಯಿಲ್ಲ. ರೂಲೋ ಅವರನ್ನು ದೇಶವೆಲ್ಲ ಬೈಯುವಂತೆ ಮಾಡಿದ ಘಟನೆಯೂ ಸುಮಾರಾಗಿ ಇಂಥದ್ದೇ ಮಾತಿನಿಂದ ಹುಟ್ಟಿತು. 1876ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ವಿಶ್ವ ಪ್ರದರ್ಶನಕ್ಕೆ ಅವರು ಜರ್ಮನಿಯ ಅಧಿಕೃತ ಪ್ರತಿನಿಧಿಯಾಗಿ ಹೋಗಿದ್ದರು. ತಮ್ಮ ದೇಶದ ಸರಕನ್ನು ಹೊಗಳಬೇಕಾದ ಹುದ್ದೆ. ಅಲ್ಲಿಂದ ಪತ್ರಿಕೆಗೆ ಬರೆದ ಪತ್ರಗಳಲ್ಲಿ ಅವರು ಜರ್ಮನ್ ಸರಕು ಅಗ್ಗ, ಗುಣಮಟ್ಟದಲ್ಲಿ ಕಳಪೆ ಎಂಬ ಅಭಿಪ್ರಾಯ ಅಲ್ಲಿದೆ, ಅದು ನಿಜವೂ ಹೌದು ಎಂಬರ್ಥದಲ್ಲಿ ಬರೆದರು. ಉದ್ಯಮಿಗಳು ಸಿಡಿದೆದ್ದರು. ದೇಶದ ಮಾನ ಕಳೆದರು ಎಂದು ಪತ್ರಿಕೆಗಳು ಹರಿಹಾಯ್ದವು. ಅವರು ಹಿಂದೆ ಸರಿಯಲಿಲ್ಲ, ಪತ್ರಗಳನ್ನು ಪುಸ್ತಕವಾಗಿಯೇ ಪ್ರಕಟಿಸಿದರು. ಬೆಲೆಯಲ್ಲಿ ಪೈಪೋಟಿ ಬೇಡ, ಗುಣದಲ್ಲಿ ಬೇಕು ಎಂಬುದು ಅವರ ವಾದವಾಗಿತ್ತು. ಹೊಸದನ್ನು ಕಂಡುಹಿಡಿದವರಿಗೆ ರಕ್ಷಣೆ ಇರಬೇಕೆಂದು ಅವರು ಒತ್ತಾಯಿಸುತ್ತಿದ್ದರು. 1877ರಲ್ಲಿ ಜರ್ಮನಿಗೆಲ್ಲ ಅನ್ವಯಿಸುವ ಪೇಟೆಂಟ್ ಕಾನೂನು ಬಂತು.

ಒಳ್ಳೆಯದನ್ನು ಕಂಡಾಗ ಗುರುತಿಸುವ ಕಣ್ಣೂ ಅವರಿಗಿತ್ತು. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಅವರು ತೀರ್ಪುಗಾರರಲ್ಲಿ ಒಬ್ಬರು. ಓಟೋ ಮತ್ತು ಲಾಂಗೆನ್ ಎಂಬಿಬ್ಬರ ಗ್ಯಾಸ್ ಎಂಜಿನ್ ಗದ್ದಲದ್ದು, ನೋಡಲು ಒರಟು. ಅದು ಎಷ್ಟು ಗ್ಯಾಸ್ ನುಂಗುತ್ತದೆ ಎಂದು ಅಳೆದು ನೋಡೋಣ ಎಂದು ಅವರು ಪಟ್ಟು ಹಿಡಿದರು. ಅಳೆದಾಗ ಎದುರಾಳಿಗಳಿಗಿಂತ ತೀರಾ ಕಡಿಮೆ ಬಳಸುತ್ತದೆ ಎಂದು ಗೊತ್ತಾಯಿತು, ಚಿನ್ನದ ಪದಕ ಬಂತು. ಲಾಂಗೆನ್ ಅವರ ಗೆಳೆಯರೇ ಎಂಬುದನ್ನೂ ಹೇಳಬೇಕು. 1880ರ ದಶಕದಲ್ಲಿ ಮಾನ್ನೆಸ್‌ಮಾನ್ ಸಹೋದರರು ಬೆಸುಗೆಯಿಲ್ಲದ ಉಕ್ಕಿನ ಕೊಳವೆ ಮಾಡುವ ವಿಧಾನ ಕಂಡುಕೊಂಡಾಗ ಅದನ್ನು ಊರೂರಿಗೆ ಹೇಳಿದವರಲ್ಲಿ ರೂಲೋ ಮುಂದಿದ್ದರು. ಅದರಲ್ಲಿ ಓರೆಯಾಗಿಟ್ಟ ರೋಲರ್‌ಗಳು ಕೆಂಪಗೆ ಕಾದ ಉಕ್ಕನ್ನು ಹೊರಮೈಯಿಂದಲೇ ಹಿಡಿದು ತಿರುಗಿಸುತ್ತಾ ಮುಂದಕ್ಕೆ ಎಳೆಯುತ್ತವೆ. ರೆಗ್ಯುಲೇಟಿಂಗ್ ವೀಲಿನ ಓರೆ ಮಾಡುವ ಕೆಲಸವೂ ಅದೇ.

1879 ಮತ್ತು 1880ರ ಸಿಡ್ನಿ, ಮೆಲ್ಬರ್ನ್ ಪ್ರದರ್ಶನಗಳಿಗೆ ಹೋದವರು 1881ರಲ್ಲಿ ಭಾರತವನ್ನು ಅಡ್ಡಲಾಗಿ ದಾಟಿ, ಅದರ ಬಗ್ಗೆ ಪ್ರವಾಸದ ಪುಸ್ತಕವನ್ನೂ ಬರೆದರು. ಲಾಂಗ್‌ಫೆಲೋ ಕವಿಯ ದೀರ್ಘ ಕಾವ್ಯವೊಂದನ್ನು ಜರ್ಮನಿಗೆ ಅನುವಾದಿಸಿದರು. ಒಂದೇ ವಿಷಯಕ್ಕೆ ಅಂಟಿ ಕೂರುವ ಮನುಷ್ಯರಾಗಿರಲಿಲ್ಲ.

ಕೊನೆಯ ವರ್ಷಗಳು ಅಷ್ಟು ಸುಖವಾಗಿರಲಿಲ್ಲ. ಬರ್ಲಿನ್‌ನಲ್ಲಿ ಅಲೋಯಿಸ್ ರೀಡ್ಲರ್ ಅವರಂಥ ಹೊಸ ಪ್ರಾಧ್ಯಾಪಕರು ಬಂದರು. ಎಂಜಿನಿಯರಿಗೆ ಬೇಕಾದ್ದು ಪ್ರಯೋಗಾಲಯ ಮತ್ತು ಕಾರ್ಖಾನೆಯ ಅನುಭವ, ಜೋಡಿ ಸರಪಳಿಗಳ ತತ್ವವಲ್ಲ ಎಂಬುದು ಅವರ ಪಕ್ಷ. ರೂಲೋ 1896ರಲ್ಲಿ ನಿವೃತ್ತರಾದರು. ಆ ವಾದದಲ್ಲಿ ರೀಡ್ಲರ್ ಪಕ್ಷಕ್ಕೆ ಪೂರ್ತಿ ಗೆಲುವು ಕೊಡಲು ನಮಗೆ ಮನಸ್ಸಿಲ್ಲ. ಬ್ಲೇಡನ್ನು ಎಷ್ಟು ಎತ್ತಬೇಕು ಎಂಬುದು ಅನುಭವದಿಂದ ಬರುತ್ತದೆ, ನಿಜ. ಆದರೆ ಏಕೆ ಎತ್ತಬೇಕು ಎಂದು ಕೇಳಿದರೆ ಎಲ್ಲಿ ಮುಟ್ಟುತ್ತದೆ ಎಂಬ ರೂಲೋ ಪ್ರಶ್ನೆಯಿಂದಲೇ ಶುರುಮಾಡಬೇಕು. ಇಂದು ರೋಬಾಟ್ ಕೈಗೆ ವಸ್ತುವನ್ನು ಹಿಡಿಯಲು ಕಲಿಸುವವರೂ ಎಷ್ಟು ಬೆರಳು, ಎಲ್ಲಿ ಮುಟ್ಟಬೇಕು ಎಂಬ ಲೆಕ್ಕಕ್ಕೆ ಅವರ ಹೆಸರನ್ನು ಹೇಳುತ್ತಾರೆ. ಅವರು ತೀರಿಕೊಂಡದ್ದು 1905ರ ಆಗಸ್ಟ್ 20ರಂದು, ಬರ್ಲಿನ್ ಪಕ್ಕದ ಶಾರ್ಲಾಟೆನ್‌ಬುರ್ಗ್‌ನಲ್ಲಿ.

ಪಾಠಕ್ಕೆಂದು ಅವರು ಮಾಡಿಸಿದ್ದ ಲೋಹದ ಮಾದರಿಗಳು ಬರ್ಲಿನ್‌ನಲ್ಲಿ 800ಕ್ಕೂ ಹೆಚ್ಚಿದ್ದವು. ಎರಡನೇ ಮಹಾಯುದ್ಧದಲ್ಲಿ ಬಹುಪಾಲು ನಾಶವಾದವು. ಆದರೆ 1882ರಲ್ಲೇ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ ಇನ್ನೂರಕ್ಕೂ ಹೆಚ್ಚು ಮಾದರಿಗಳ ಪ್ರತಿಗಳನ್ನು ಕೊಂಡುಕೊಂಡಿತ್ತು. ಅವುಗಳಲ್ಲಿ ಹೆಚ್ಚಿನವು ಉಳಿದಿವೆ, ಅಂತರ್ಜಾಲದಲ್ಲಿ ಚಲಿಸುವ ಚಿತ್ರಗಳಾಗಿಯೂ ನೋಡಲು ಸಿಗುತ್ತವೆ. ಸ್ಥಿರ ಅಗಲದ ಉಬ್ಬಿದ ತ್ರಿಭುಜವೂ ಅವುಗಳಲ್ಲಿದೆ. ಅದು ಎಲ್ಲ ಬದಿಗಳನ್ನೂ ಬಿಡದೆ ಮುಟ್ಟುತ್ತಾ ತಿರುಗುವಾಗ ಅಂಚನ್ನು ನೋಡಬೇಡಿ, ನಡುಬಿಂದುವನ್ನು ನೋಡಿ. ಅದು ಒಂದು ಕಡೆ ನಿಲ್ಲುವುದೇ ಇಲ್ಲ.